ಡ್ರೈಸೂಟಿಗೆ ಡ್ರೈ ಗ್ಲೌಸ್: ಯಾವ ಜೋಡಣೆ ಯಾರಿಗೆ ಒಪ್ಪುತ್ತದೆ

ನೇತ್ರಾಣಿಯ ಬೆಚ್ಚನೆಯ ನೀರಿನಲ್ಲಿ ಡೈವಿಂಗ್ ಕಲಿತು, ಅನಂತರ ಉದ್ಯೋಗಕ್ಕಾಗಿ ಬ್ರಿಟನ್ನಿಗೆ ಬಂದವರು ಇಲ್ಲಿನ ಮೊದಲ ಚಳಿಗಾಲದಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ. ನೀರನ್ನು ಒಳಬಿಡದ ಡೈವಿಂಗ್ ಉಡುಪಾದ ಡ್ರೈಸೂಟ್ ಕೊಂಡಾಗಿದೆ, ಒಳಗೆ ದಪ್ಪನೆಯ ಉಡುಪೂ ಇದೆ, ಮೈ ಬೆಚ್ಚಗೇ ಇರುತ್ತದೆ. ಆದರೆ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಬೆರಳುಗಳು ಮರಗಟ್ಟಿ, ಗಾಳಿ ತುಂಬುವ ಇನ್‌ಫ್ಲೇಟರಿನ ಗುಂಡಿಯನ್ನು ಒತ್ತಿದೆನೋ ಇಲ್ಲವೋ ಎಂಬುದೂ ತಿಳಿಯದಂತಾಗುತ್ತದೆ. ಡ್ರೈ ಗ್ಲೌಸ್ ಹಾಕಿಸೋಣವೆಂದು ಅಂಗಡಿಗೆ ಹೋದರೆ ಗ್ಲೌಸನ್ನು ಸೂಟಿಗೆ ಜೋಡಿಸಲು ಅಲ್ಯೂಮಿನಿಯಮ್ ರಿಂಗು, ಪ್ಲಾಸ್ಟಿಕ್ ರಿಂಗು, ರಿಂಗೇ ಇಲ್ಲದ್ದು ಎಂದು ನಾಲ್ಕಾರು ಬಗೆಗಳನ್ನು ಮುಂದಿಡುತ್ತಾರೆ, ಮತ್ತು ಪ್ರತಿಯೊಂದನ್ನೂ ಎಲ್ಲಕ್ಕಿಂತ ಬೆಚ್ಚಗಿನದು ಎಂದೇ ಹೊಗಳುತ್ತಾರೆ.

ಗೊಂದಲ ಹುಟ್ಟುವುದು ಈ ಬೆಚ್ಚಗಿನ ಮಾತಿನಿಂದಲೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ವೇಗವಾಗಿ ಶಾಖವನ್ನು ಸೆಳೆದುಕೊಳ್ಳುತ್ತದೆ. ಡ್ರೈ ಗ್ಲೌಸ್ ಮಾಡುವ ಕೆಲಸವೆಂದರೆ ಆ ನೀರನ್ನು ಹೊರಗಿಟ್ಟು, ಒಳಗೆ ತೊಟ್ಟ ಉಣ್ಣೆಯ ಗವಸಿನ ಎಳೆಗಳ ನಡುವೆ ಗಾಳಿ ನಿಲ್ಲಲು ಜಾಗ ಮಾಡಿಕೊಡುವುದು. ಕೈಯನ್ನು ಬೆಚ್ಚಗಿಡುವುದು ಆ ಗಾಳಿಯೇ ಹೊರತು ರಿಂಗಲ್ಲ. ಒಳಗವಸು ಒಂದೇ ಆಗಿದ್ದರೆ, ಸೋರದಿರುವವರೆಗೆ, ಎಲ್ಲ ಜೋಡಣೆಗಳೂ ಹೆಚ್ಚುಕಡಿಮೆ ಒಂದೇ ಬೆಚ್ಚಗಿರುತ್ತವೆ. ಆದ್ದರಿಂದ ಅವುಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು ಸೋರಿದ ದಿನ, ಮತ್ತು ಆಯ್ಕೆಯನ್ನು ಆ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಮೊದಲನೆಯ ಮತ್ತು ಎಲ್ಲಕ್ಕಿಂತ ಭಾರವಾದ ಪ್ರಶ್ನೆ, ನೀರಿನಡಿಯಲ್ಲಿ ಗ್ಲೌಸ್ ಹರಿದರೆ ಅಥವಾ ರಿಂಗು ಕಳಚಿಕೊಂಡರೆ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದು: ಮಣಿಕಟ್ಟಿನಲ್ಲಿ ನಿಲ್ಲುತ್ತದೆಯೋ, ತೋಳಿಗೇರಿ ಎದೆಯವರೆಗೂ ಹರಡುತ್ತದೆಯೋ? ಎರಡನೆಯದು, ಆಳಕ್ಕೆ ಇಳಿಯುವಾಗ ಸೂಟಿನೊಳಗಿನ ಗಾಳಿ ಗ್ಲೌಸಿಗೆ ಹೋಗುವ ದಾರಿ ಇದೆಯೇ ಎಂಬುದು. ಮೂರನೆಯದು, ಬೋಲ್ಟ್ ಸ್ನ್ಯಾಪ್ ಎಂಬ ಲೋಹದ ಕೊಕ್ಕೆ ತೆಗೆಯುವುದು, ಹುರಿ ಸುತ್ತಿದ ರೀಲ್ ಬಿಡುವುದು, ಬೆನ್ನ ಹಿಂದಿನ ವಾಲ್ವ್ ಮುಚ್ಚುವುದು ಮುಂತಾದ ಕೆಲಸಗಳಿಗೆ ಬೆರಳು ಎಷ್ಟು ಬಗ್ಗುತ್ತದೆ ಎಂಬುದು. ನಿಮ್ಮ ಸೂಟಿನಲ್ಲಿ ಈಗಾಗಲೇ ಇರುವ ಮಣಿಕಟ್ಟಿನ ಸೀಲ್, ಅಂದರೆ ನೀರು ತಡೆಯುವ ಬಿಗಿಯಾದ ಪಟ್ಟಿ, ಲೇಟೆಕ್ಸಿನದೋ ಸಿಲಿಕೋನಿನದೋ ನಿಯೋಪ್ರೀನ್ ಎಂಬ ನೊರೆರಬ್ಬರಿನದೋ ಎಂಬುದು ನಾಲ್ಕನೆಯದು. ಇವುಗಳ ನಂತರ ಹಣದ ಮಾತು ಬರುತ್ತದೆ. ಅದರಲ್ಲೂ ಮೊದಲ ಖರೀದಿಯ ಬೆಲೆಯೊಂದನ್ನೇ ನೋಡದೆ, ಹರಿದ ಗ್ಲೌಸನ್ನು ಬದಲಿಸಲು ಪ್ರತಿ ಸಲ ಎಷ್ಟಾಗುತ್ತದೆ, ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂಬುದನ್ನೂ ಕೇಳಬೇಕು.

ಇವನ್ನು ಅಳೆಯಲು ಎರಡು ಜಾಗಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಒಂದು, ಲೆಸ್ಟರ್‌ಶೈರಿನ ಸ್ಟೋನಿ ಕೋವ್ ಎಂಬ ಹಳೆಯ ಕಲ್ಲುಗಣಿ. ಚಳಿಗಾಲದಲ್ಲಿ ಅಲ್ಲಿನ ನೀರು ಐದಾರು ಡಿಗ್ರಿಗೆ ಇಳಿಯುತ್ತದೆ, ಆದರೆ ದಡ ಹತ್ತಿರದಲ್ಲೇ ಇದೆ, ಬೇಡವೆನಿಸಿದರೆ ಎದ್ದು ಬರಬಹುದು. ಇನ್ನೊಂದು, ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಸ್ಕಾಪಾ ಫ್ಲೋ. 1919ರ ಜೂನ್ 21ರಂದು ಜರ್ಮನ್ ನೌಕಾಪಡೆ ತನ್ನ ಹಡಗುಗಳನ್ನು ತಾನೇ ಮುಳುಗಿಸಿಕೊಂಡ ಕೊಲ್ಲಿ. ಅಲ್ಲಿ ವಾರವಿಡೀ ದೋಣಿಯಲ್ಲೇ ಇದ್ದು ದಿನಕ್ಕೆ ಎರಡು ಡೈವ್ ಮಾಡುವುದು ವಾಡಿಕೆ. ಮಾರ್ಕ್‌ಗ್ರಾಫ್‌ನಂಥ ದೊಡ್ಡ ಯುದ್ಧನೌಕೆಗಳು ಸುಮಾರು 45 ಮೀಟರಿನವರೆಗಿನ ಆಳದಲ್ಲಿವೆ, ಮೇಲೇರುವಾಗ ಡಿಕಂಪ್ರೆಶನ್ನಿಗಾಗಿ, ಅಂದರೆ ಮೈಯಲ್ಲಿ ಕರಗಿದ ಅನಿಲ ನಿಧಾನವಾಗಿ ಹೊರಹೋಗಲೆಂದು, ನಡುವೆ ನಿಲ್ಲಬೇಕಾಗುತ್ತದೆ, ಮತ್ತು ನೂರು ವರ್ಷದ ತುಕ್ಕು ಹಿಡಿದ ಉಕ್ಕಿನ ಅಂಚುಗಳು ಗ್ಲೌಸಿಗೆ ಬ್ಲೇಡಿದ್ದಂತೆ. ಮೊದಲನೆಯ ಜಾಗದಲ್ಲಿ ಕೇವಲ ಕಿರಿಕಿರಿಯಾಗುವ ಸೋರಿಕೆ ಎರಡನೆಯ ಜಾಗದಲ್ಲಿ ಅಪಾಯವಾಗಬಲ್ಲದು.

ಡ್ರೈ ಗ್ಲೌಸ್ ನಿಮಗೆ ಬೇಕೇ

ವರ್ಷಕ್ಕೆ ಹತ್ತು ಡೈವ್, ಅದೂ ಜೂನಿನಿಂದ ಅಕ್ಟೋಬರಿನೊಳಗೆ ಮಾಡುವವರಿಗೆ 5 ಮಿಲಿಮೀಟರಿನ ನಿಯೋಪ್ರೀನ್ ಗ್ಲೌಸ್ ಸಾಕು. ಅದರಲ್ಲಿ ಹರಿಯುವುದು, ಕಳಚುವುದು, ಗಾಳಿ ಸಮ ಮಾಡುವುದು ಎಂಬ ತಲೆನೋವುಗಳೇ ಇಲ್ಲ. ಆಳದಲ್ಲಿ ನಿಯೋಪ್ರೀನ್ ಒತ್ತಿಕೊಂಡು ತೆಳುವಾಗುವುದರಿಂದ ಚಳಿ ಹೆಚ್ಚುತ್ತದೆ, ಎರಡನೆಯ ಡೈವಿಗೆ ಒದ್ದೆ ಗ್ಲೌಸಿನೊಳಗೆ ಕೈ ತೂರಿಸುವುದು ದೊಡ್ಡ ಶಿಕ್ಷೆ, ಅಷ್ಟೇ. ಮೂರು ಬೆರಳಿನ 7 ಮಿಲಿಮೀಟರ್ ಗವಸು ಇದಕ್ಕಿಂತ ಬೆಚ್ಚಗಿದೆ, ಆದರೆ ಅದನ್ನು ತೊಟ್ಟು ರೀಲ್ ಬಿಡಲು ಹೋದವರಿಗೆ ಅದರ ಮಿತಿ ಗೊತ್ತು. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ವರ್ಷವಿಡೀ ನೀರು 2ರಿಂದ 4 ಡಿಗ್ರಿ ಇದ್ದರೂ ಬಹುಪಾಲು ಪ್ರವಾಸಿಗರು ಬಾಡಿಗೆಯ ನಿಯೋಪ್ರೀನ್ ಗ್ಲೌಸಿನಲ್ಲೇ ಮುಗಿಸಿ ಬರುತ್ತಾರೆ, ಏಕೆಂದರೆ ಅಲ್ಲಿನ ಡೈವ್ ಅರ್ಧ ಗಂಟೆಯ ಆಸುಪಾಸಿನದು.

ಇದಕ್ಕೆ ಒಂದು ಅಪವಾದವಿದೆ. ತಣ್ಣನೆಯ ನೀರು ಸೋಕಿದರೆ ಸಾಕು, ಬೆರಳುಗಳು ಬಿಳಿಚಿಕೊಂಡು ನೋಯುವ ರೇನೋ ತೊಂದರೆ ಇರುವವರು ಡೈವಿನ ಲೆಕ್ಕ ನೋಡದೆ, ವೈದ್ಯರೊಂದಿಗೆ ಮಾತಾಡಿ, ಡ್ರೈ ಗ್ಲೌಸಿನ ಕಡೆಗೆ ಹೋಗುವುದು ಒಳ್ಳೆಯದು.

ಒಳಗಿನ ಸೀಲ್ ಇರಬೇಕೇ, ಬೇಡವೇ

ಯಾವ ಕಂಪನಿಯ ರಿಂಗು ಎಂಬುದಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು ಇದು. ಡ್ರೈ ಗ್ಲೌಸನ್ನು ಎರಡು ರೀತಿಯಲ್ಲಿ ಜೋಡಿಸಬಹುದು: ಸೂಟಿನ ಮಣಿಕಟ್ಟಿನ ಸೀಲನ್ನು ಹಾಗೆಯೇ ಉಳಿಸಿಕೊಂಡು ಅದರ ಹೊರಗೆ ಗ್ಲೌಸ್ ಕೂರಿಸುವುದು, ಅಥವಾ ಸೀಲನ್ನು ತೆಗೆದುಹಾಕಿ ತೋಳಿನ ತುದಿಗೇ ಗ್ಲೌಸ್ ಜೋಡಿಸುವುದು.

ಸೀಲ್ ಇಲ್ಲದಿದ್ದರೆ ಗಾಳಿ ಸೂಟಿನಿಂದ ಬೆರಳ ತುದಿಯವರೆಗೆ ತಾನಾಗಿ ಓಡಾಡುತ್ತದೆ. ಮಣಿಕಟ್ಟನ್ನು ಬಿಗಿಯುವ ರಬ್ಬರ್ ಇಲ್ಲದ್ದರಿಂದ ರಕ್ತಸಂಚಾರವೂ ಸಲೀಸು, ತೊಡುವುದು ಬಿಚ್ಚುವುದು ಸುಲಭ. ಇಷ್ಟೆಲ್ಲ ಸುಖಕ್ಕೆ ತೆರಬೇಕಾದ ಬೆಲೆಯೆಂದರೆ, ಹೆಬ್ಬೆರಳಿನಲ್ಲಿ ಬಿದ್ದ ಒಂದು ತೂತು ಇಡೀ ಸೂಟಿಗೆ ಬಿದ್ದ ತೂತಾಗುತ್ತದೆ. ಡಿಕಂಪ್ರೆಶನ್ನಿಗಾಗಿ ಇನ್ನೂ ಅರ್ಧ ಗಂಟೆ ನೀರಿನಲ್ಲಿ ನಿಲ್ಲಬೇಕಾದವನ ಒಳ ಉಡುಪು ತೊಯ್ದರೆ ಚಳಿಯಲ್ಲೇ ನಿಲ್ಲುವುದು, ನಿಲ್ಲದೆ ಮೇಲೇರುವುದು ಎಂಬ ಅವನ ಮುಂದಿರುವ ಎರಡು ಆಯ್ಕೆಗಳೂ ಕೆಟ್ಟವೇ.

ಸೀಲ್ ಇದ್ದರೆ ನೀರು ಮಣಿಕಟ್ಟಿನಲ್ಲಿ ನಿಲ್ಲುತ್ತದೆ, ಆದರೆ ಗಾಳಿಯೂ ಅಲ್ಲೇ ನಿಲ್ಲುತ್ತದೆ. ನೀರಿನ ಮೇಲ್ಮೈಯಲ್ಲಿ ಗ್ಲೌಸಿನೊಳಗೆ ಸಿಕ್ಕಿಕೊಂಡ ಗಾಳಿ 10 ಮೀಟರಿನಲ್ಲಿ ಅರ್ಧಕ್ಕೂ 30 ಮೀಟರಿನಲ್ಲಿ ಕಾಲುಭಾಗಕ್ಕೂ ಇಳಿಯುವುದರಿಂದ, ಗ್ಲೌಸ್ ಬೆರಳುಗಳಿಗೆ ಅಂಟಿಕೊಂಡು ಮಡಿಕೆಗಳು ಚರ್ಮವನ್ನು ಚಿವುಟುತ್ತವೆ. ಅದಕ್ಕಿಂತ ಮುಖ್ಯವಾಗಿ, ಒಳಗವಸು ಚಪ್ಪಟೆಯಾಗಿ ಅದರೊಳಗಿನ ಗಾಳಿಯೇ ಇಲ್ಲವಾಗುತ್ತದೆ. ಡ್ರೈ ಗ್ಲೌಸ್ ಹಾಕಿಯೂ ಚಳಿಯೇ ಎಂದು ದೂರುವವರಲ್ಲಿ ಅನೇಕರ ಕಥೆ ಇದೇ.

ಇದಕ್ಕೆ ಡೈವರುಗಳು ಕಂಡುಕೊಂಡ ನಡುದಾರಿಯೆಂದರೆ ಸೀಲಿನ ಅಡಿಯಲ್ಲಿ ಗಾಳಿ ನುಸುಳುವಷ್ಟು ಸಣ್ಣ ದಾರಿ ಮಾಡಿಡುವುದು. ಕೆಲವರು ಮೆತ್ತನೆಯ ಸಿಲಿಕೋನ್ ನಳಿಕೆಯ ತುಂಡನ್ನೋ ತೆಳುವಾದ ಎಲಾಸ್ಟಿಕ್ ಹುರಿಯನ್ನೋ ಸೀಲಿನಡಿ ತೂರಿಸುತ್ತಾರೆ. ಕೆಲವರು ಒಳ ಉಡುಪಿನ ಹೆಬ್ಬೆರಳ ಕುಣಿಕೆಯನ್ನೇ ಸೀಲಿನಿಂದಾಚೆಗೆ ಎಳೆದುಕೊಳ್ಳುತ್ತಾರೆ. ನಳಿಕೆಯಲ್ಲಿ ಗಾಳಿ ಚೆನ್ನಾಗಿ ಓಡುತ್ತದೆ, ಗ್ಲೌಸ್ ತುಂಬಿದರೆ ನೀರೂ ನಿಧಾನವಾಗಿ ಬರುತ್ತದೆ. ಬಟ್ಟೆಯ ಕುಣಿಕೆ ಬತ್ತಿಯಂತೆ ನೀರನ್ನು ಹೀರಿ ತೋಳಿಗೆ ತಲುಪಿಸುತ್ತದೆ. ಆದರೂ ಈ ಸೋರಿಕೆ ಸೀಲೇ ಇಲ್ಲದ ತೋಳಿನ ಪ್ರವಾಹಕ್ಕೆ ಹೋಲಿಸಿದರೆ ತೀರ ಅಲ್ಪ. ಮೇಲೇರುವಷ್ಟು ಕಾಲ ತಡೆದುಕೊಳ್ಳಬಹುದು. ಮಣಿಕಟ್ಟಿನ ಸ್ನಾಯುಗಳು ಎದ್ದು ಕಾಣುವವರಲ್ಲಿ ಕೆಲವರಿಗೆ, ಮುಷ್ಟಿ ಹಿಡಿದು ಮಣಿಕಟ್ಟು ಬಗ್ಗಿಸಿದರೆ ಸ್ನಾಯುಗಳ ನಡುವಿನ ತಗ್ಗಿನಲ್ಲೇ ಗಾಳಿ ಹಾದುಹೋಗುವುದುಂಟು. ಅಂಥವರಿಗೆ ಈ ಯಾವ ಉಪಾಯವೂ ಬೇಕಿಲ್ಲ. ನಾನು ಆ ಅದೃಷ್ಟವಂತರ ಪೈಕಿಯಲ್ಲ. ಎರಡಂಗುಲದ ನಳಿಕೆಯೊಂದು ನನ್ನ ಕಿಟ್ ಪೆಟ್ಟಿಗೆಯ ಕಾಯಂ ನಿವಾಸಿ.

ಜೋಡಣೆಯ ಬಗೆಗಳು

ಎಲ್ಲಕ್ಕಿಂತ ಅಗ್ಗದ್ದು ರಿಂಗಿಲ್ಲದ ಜೋಡಣೆ. ಗ್ಲೌಸಿನ ತುದಿಗೆ ಲೇಟೆಕ್ಸ್ ಕಫ್ ಅಂಟಿಸಿರುತ್ತಾರೆ, ಅದನ್ನು ಸೂಟಿನ ಲೇಟೆಕ್ಸ್ ಸೀಲಿನ ಮೇಲೆ ಎಳೆದುಕೊಂಡರೆ ರಬ್ಬರಿಗೆ ರಬ್ಬರ್ ಅಂಟಿ ನೀರು ತಡೆಯುತ್ತದೆ. ಸೂಟಿಗೆ ಏನನ್ನೂ ಕೂರಿಸಬೇಕಾಗಿಲ್ಲ, ಮಣಿಕಟ್ಟಿನಲ್ಲಿ ಗಟ್ಟಿ ವಸ್ತುವಿಲ್ಲ, ಬೇಸಿಗೆಯಲ್ಲಿ ಅದೇ ಸೂಟನ್ನು ಬರಿಗೈಯಲ್ಲಿ ಬಳಸಬಹುದು. ಆದರೆ ಎರಡನೆಯ ಗ್ಲೌಸನ್ನು ತಾನೇ ತೊಡುವುದು ಕಷ್ಟ, ಬಡ್ಡಿಯ, ಅಂದರೆ ಜೊತೆಯ ಡೈವರಿನ, ಸಹಾಯ ಬೇಕೇ ಬೇಕು. ಕಫ್ ಒಂದು ಕಡೆ ಮಡಚಿಕೊಂಡರೂ ಅಲ್ಲಿಂದ ನೀರು ಬರುತ್ತದೆ. ವರ್ಷಕ್ಕೆ ಕೆಲವೇ ಚಳಿಗಾಲದ ಡೈವ್ ಮಾಡುವವರಿಗೆ, ಬಾಡಿಗೆಯ ಸೂಟ್ ಬಳಸುವವರಿಗೆ ಇದು ಒಪ್ಪುತ್ತದೆ.

ಎರಡನೆಯದು, ಸೂಟಿನ ಸೀಲನ್ನು ಕತ್ತರಿಸದೆ, ಅಂಟು ಹಾಕದೆ ಕೂರಿಸುವ ದುಂಡನೆಯ ಲೋಹದ ರಿಂಗು. ಬ್ರಿಟನ್ನಿನಲ್ಲಿ ಬಹಳ ಕಾಣುವ ಕ್ಯೂಬಿ ಈ ಬಗೆಯದು. ಸೀಲಿನ ಬುಡದ ಒಳಗೊಂದು, ಹೊರಗೊಂದು ಬಳೆಯಿಟ್ಟು ನಡುವೆ ರಬ್ಬರನ್ನು ಅದುಮಿ ಹಿಡಿಯುವುದು ಸೂಟಿನ ಬದಿ. ಗ್ಲೌಸಿನ ಬದಿಯಲ್ಲೂ ಅಂಥದೇ ಜೋಡಿ. ಎರಡೂ ಬದಿಗಳು ಓ-ರಿಂಗ್ ಎಂಬ ತೆಳು ರಬ್ಬರ್ ಬಳೆಯ ಬಿಗಿತದಿಂದ ಒಂದರೊಳಗೊಂದು ಕೂರುತ್ತವೆ. ಬಳೆಗಾರರು ಸೋಪಿನ ನೀರು ಹಚ್ಚಿ ಬಳೆ ತೊಡಿಸುವುದನ್ನು ನೋಡಿದವರಿಗೆ ಈ ಕೂರಿಸುವ ಕೆಲಸ ಬೇಗ ಕೈಹತ್ತುತ್ತದೆ. ಒಳಗಿನ ಸೀಲ್ ತಾನಾಗಿ ಉಳಿಯುವುದು ಇದರ ದೊಡ್ಡ ಗುಣ. ದುಂಡಗಿರುವುದರಿಂದ ತೊಟ್ಟ ಮೇಲೂ ಗ್ಲೌಸನ್ನು ತಿರುಗಿಸಿ ಹೆಬ್ಬೆರಳಿನ ನೇರಕ್ಕೆ ತಂದುಕೊಳ್ಳಬಹುದು. ಗ್ಲೌಸ್ ಹರಿದರೆ ಅಂಗಡಿಯಿಂದ ಸಾಮಾನ್ಯ ಪಿವಿಸಿ ಗ್ಲೌಸ್ ತಂದು ಅದೇ ರಿಂಗಿಗೆ ಏರಿಸಬಹುದು. ದೋಷವೆಂದರೆ, ಕೊಕ್ಕೆ ಇಲ್ಲದೆ ಕೇವಲ ಬಿಗಿತದ ಮೇಲೆ ನಿಂತಿರುವುದರಿಂದ ಓ-ರಿಂಗಿನ ಸ್ಥಿತಿಯೇ ಸರ್ವಸ್ವ, ಒಣಗಿದ್ದರೆ ಬಿಚ್ಚಲಾಗುವುದಿಲ್ಲ. ಗಟ್ಟಿ ಲೋಹವಾದ್ದರಿಂದ ಕಿರಿದಾದ ಜಾಗಗಳಲ್ಲಿ ತಗುಲುತ್ತದೆ. ದೊಡ್ಡ ಅಂಗೈಯವರು ರಿಂಗಿನೊಳಗೆ ತಮ್ಮ ಕೈ ತೂರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು.

ಮೂರನೆಯದು, ಸ್ವೀಡನ್ನಿನ ಸೈಟೆಕ್ ಕಂಪನಿಯ ಕ್ವಿಕ್ ಕಫ್‌ನಂತೆ ಸೂಟಿನ ತೋಳಿನ ತುದಿಗೆ ಶಾಶ್ವತವಾಗಿ ಒಂದು ಚೌಕಟ್ಟು ಕೂರಿಸಿ, ಅದರಲ್ಲಿ ಸೀಲನ್ನೂ ಅದರ ಮೇಲೆ ಗ್ಲೌಸ್ ರಿಂಗನ್ನೂ ಏರಿಸುವ ಬಗೆ. ಇದರ ಲಾಭ ಗ್ಲೌಸಿಗಿಂತ ಸೀಲಿನ ವಿಷಯದಲ್ಲಿ ಹೆಚ್ಚು: ದೋಣಿಯ ಮೇಲೆ ಸೀಲ್ ಹರಿದರೂ ಅಂಟು, ಕಾಯುವಿಕೆ ಯಾವುದೂ ಇಲ್ಲದೆ ಕೆಲವೇ ನಿಮಿಷಗಳಲ್ಲಿ ಹೊಸದನ್ನು ಹಾಕಬಹುದು. ಸಾಮಾನ್ಯ ಅಂಟುಗಳಿಗೆ ಜಗ್ಗದ ಸಿಲಿಕೋನ್ ಸೀಲ್ ಬೇಕಾದವರಿಗೆ, ಅಂದರೆ ಲೇಟೆಕ್ಸ್ ಅಲರ್ಜಿ ಇರುವ ಬಹುಮಂದಿಗೆ, ಇಂಥ ಚೌಕಟ್ಟು ಅನಿವಾರ್ಯವೇ ಸರಿ. ಮೊಟ್ಟೆಯಾಕಾರದ ರಿಂಗುಗಳು ಮಣಿಕಟ್ಟಿನ ರೂಪಕ್ಕೆ ಹತ್ತಿರವಾಗಿ, ಕಡಿಮೆ ಉಬ್ಬಾಗಿ ಕೂರುತ್ತವೆ. ಆದರೆ ಅವುಗಳನ್ನು ಆಮೇಲೆ ತಿರುಗಿಸಲು ಬರುವುದಿಲ್ಲವಾದ್ದರಿಂದ ಗ್ಲೌಸ್ ಏರಿಸುವಾಗಲೇ ಹೆಬ್ಬೆರಳಿನ ದಿಕ್ಕನ್ನು ಸರಿಯಾಗಿ ಗುರುತಿಸಬೇಕು. ಚೌಕಟ್ಟು, ಸೀಲ್, ಗ್ಲೌಸ್ ರಿಂಗು ಎಂದು ಮೂರು ಖರ್ಚು ಸೇರುವುದರಿಂದ ಮೊದಲ ಹೂಡಿಕೆ ಹೆಚ್ಚು. ಹೊಸ ಸೂಟ್ ಹೊಲಿಸುವಾಗಲೇ ಕಾರ್ಖಾನೆಯಲ್ಲಿ ಹಾಕಿಸಿಕೊಂಡರೆ ಮಾತ್ರ ಇದು ಜೇಬಿಗೆ ಹಗುರ; ಹಳೆಯ ಸೂಟಿಗೆ ಆಮೇಲೆ ಹಾಕಿಸುವುದಾದರೆ ಎರಡನೆಯ ಬಗೆಯೇ ಲೇಸು.

ತೋಳಿಗೇ ಗ್ಲೌಸ್ ಅಂಟಿಸುವ ನಾಲ್ಕನೆಯ ಬಗೆ ಕೊಳಕು ನೀರಿನಲ್ಲಿ ಕೆಲಸ ಮಾಡುವ ವೃತ್ತಿನಿರತರದು. ಹವ್ಯಾಸಿಗಳು ಅದರ ಯೋಚನೆ ಬಿಡಬಹುದು.

ಸೂಟಿನಲ್ಲಿ ದಪ್ಪನೆಯ ನಿಯೋಪ್ರೀನ್ ಸೀಲ್ ಇರುವವರಿಗೆ ಒಂದು ಮಾತು: ಅದರ ಮೇಲೆ ಬಹುತೇಕ ರಿಂಗುಗಳು ನಂಬಿಕೆಗೆ ತಕ್ಕಂತೆ ಕೂರುವುದಿಲ್ಲ. ರಿಪೇರಿಯವರ ಬಳಿ ಲೇಟೆಕ್ಸಿಗೆ ಬದಲಾಯಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ ಹೋಲಿಸಬೇಕು.

ಹೊರಗವಸು ಮತ್ತು ಒಳಗವಸು

ಹೊರಗವಸಿನಲ್ಲಿ ಪಿವಿಸಿಯದು, ಮೀನುಗಾರರೂ ರಾಸಾಯನಿಕ ಕೆಲಸಗಾರರೂ ಬಳಸುವ ನೀಲಿ ಬಣ್ಣದ್ದು, ಅಗ್ಗ ಮತ್ತು ಗಟ್ಟಿ. ತಣ್ಣೀರಿನಲ್ಲಿ ಸ್ವಲ್ಪ ಬಿರುಸಾಗುತ್ತದೆ. ಲೇಟೆಕ್ಸಿನದು ಮೆತ್ತಗೆ, ಬೆರಳಿಗೆ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ, ಆದರೆ ಸ್ಕಾಪಾದ ತುಕ್ಕಿನ ಮುಂದೆ ಅದರ ಆಯುಷ್ಯ ಕಡಿಮೆ. ಅಳತೆಯಲ್ಲಿ ಜನ ಮಾಡುವ ತಪ್ಪು, ಬರಿಗೈಗೆ ಸರಿಹೋಗುವುದನ್ನು ಕೊಳ್ಳುವುದು. ಒಳಗವಸು ತೊಟ್ಟುಕೊಂಡೇ ಅಳೆಯಬೇಕು. ಅದರ ಮೇಲೂ ಒಂದಳತೆ ದೊಡ್ಡದು ಕೊಂಡರೆ ಬೆರಳ ತುದಿಯಲ್ಲಿ ಉಳಿದ ಖಾಲಿ ಪಿವಿಸಿ ಪ್ರತಿಯೊಂದು ಸ್ನ್ಯಾಪಿಗೂ ಸಿಕ್ಕಿಕೊಳ್ಳುತ್ತದೆ.

ಒಳಗವಸಿಗೆ ಹತ್ತಿ ಬೇಡ. ತೊಯ್ದ ಮೇಲೂ ಸ್ವಲ್ಪ ಬೆಚ್ಚಗಿರುವುದು ಉಣ್ಣೆಯ ಗುಣ, ಮತ್ತು ಗ್ಲೌಸಿನೊಳಗೆ ಬೆವರು ಬಂದೇ ಬರುವುದರಿಂದ ಅದು ಸಣ್ಣ ಗುಣವಲ್ಲ. ತೆಳುವಾದ ಮೆರಿನೊ ಒಂದು ಪದರ, ಚಳಿ ಹೆಚ್ಚಿದ್ದರೆ ಅದರ ಮೇಲೆ ಫ್ಲೀಸ್ ಇನ್ನೊಂದು ಪದರ. ಎರಡು ಪದರವಾದಾಗ ಬೆರಳು ಬಗ್ಗುವುದು ಕಡಿಮೆಯಾಗುತ್ತದೆಂಬುದನ್ನು ಒಪ್ಪಿಕೊಂಡೇ ಹಾಕಬೇಕು. ವಿದ್ಯುತ್ತಿನಿಂದ ಬಿಸಿಯಾಗುವ ಒಳಗವಸು ಬ್ಯಾಟರಿ, ಸೂಟಿನೊಳಗೆ ತಂತಿ ತರುವ ವಾಲ್ವ್ ಎಲ್ಲವನ್ನೂ ಬೇಡುತ್ತದೆ. ದೀರ್ಘ ಡಿಕಂಪ್ರೆಶನ್ ಮಾಡುವವರ ಹೊರತು ಉಳಿದವರಿಗೆ ಅದು ದುಂದು.

ಕೂರಿಸುವುದು, ಒರಸುವುದು, ಪರೀಕ್ಷಿಸುವುದು

ರಿಂಗು ಕೂರಿಸುವಾಗ ಸೀಲಿನ ಬುಡದಲ್ಲಿ ಒಂದು ಸುಕ್ಕೂ ಉಳಿಯಬಾರದು. ಸುಕ್ಕೆಂದರೆ ನೀರಿಗೆ ಕಾಲುವೆ. ರಿಂಗು ಸೇರಿದ ಮೇಲೆ ತೋಳು ಗಿಡ್ಡವಾದಂತೆ ಆಗುವುದರಿಂದ, ಸೂಟ್ ತೊಟ್ಟು ಕೈಯನ್ನು ತಲೆಯ ಹಿಂದಕ್ಕೆ ಚಾಚಿ ಸಿಲಿಂಡರಿನ ವಾಲ್ವ್ ಸಿಗುತ್ತದೆಯೇ ಎಂದು ಮನೆಯಲ್ಲೇ ನೋಡಿ. ಗ್ಲೌಸ್ ತೊಡುವುದು ಯಾವಾಗಲೂ ಕೊನೆಯ ಕೆಲಸ, ಕೈ ಒಣಗಿ ಬೆಚ್ಚಗಿರುವಾಗಲೇ ಆಗಬೇಕು; ಒದ್ದೆ ಕೈಯನ್ನು ಯಾವ ಡ್ರೈ ಗ್ಲೌಸೂ ಒಣಗಿಸದು.

ಸೋರಿಕೆಗಳಲ್ಲಿ ಹೆಚ್ಚಿನವು ರಿಂಗಿನ ದೋಷದಿಂದ ಆಗುವುದಿಲ್ಲ, ಓ-ರಿಂಗಿನ ಮೇಲೆ ಕುಳಿತ ಕಸದಿಂದ ಆಗುತ್ತವೆ. ಸ್ಕಾಪಾದ ಮೂರನೆಯ ದಿನ ನನ್ನ ಬಲಗೈ ತುಂಬಿ ಬಂದಾಗ ಗ್ಲೌಸ್ ಹರಿದಿದೆ ಎಂದುಕೊಂಡು ಹೊಸದನ್ನೇರಿಸಿದೆ, ಮಧ್ಯಾಹ್ನ ಮತ್ತೆ ತುಂಬಿತು. ಸಂಜೆ ದೀಪದ ಕೆಳಗೆ ಬಿಚ್ಚಿ ನೋಡಿದರೆ ನನ್ನದೇ ಉಣ್ಣೆಯ ಗವಸಿನ ಒಂದು ಎಳೆ ಓ-ರಿಂಗಿನ ಮೇಲೆ ಅಡ್ಡಬಿದ್ದಿತ್ತು. ಅಂದಿನಿಂದ ಪ್ರತಿ ಸಲ ಜೋಡಿಸುವ ಮುನ್ನ ಬೆರಳ ತುದಿಯಿಂದ ಓ-ರಿಂಗಿನ ಸುತ್ತಲೂ ಸವರಿ ನೋಡುತ್ತೇನೆ, ಏಕೆಂದರೆ ಕಣ್ಣಿಗೆ ಕಾಣದ ಮರಳಿನ ಕಣವೂ ಕೂದಲೂ ಬೆರಳಿಗೆ ಸಿಗುತ್ತವೆ. ಆಮೇಲೆ ಹೊಳಪು ಬರುವಷ್ಟು ಮಾತ್ರ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಮೆತ್ತಿದರೆ ಅದೇ ಕಸವನ್ನು ಹಿಡಿದಿಡುತ್ತದೆ. ಆ ಗ್ರೀಸ್ ಸೂಟಿನ ಬಟ್ಟೆಗಾಗಲಿ ಸೀಲ್ ಅಂಟಿಸುವ ಜಾಗಕ್ಕಾಗಲಿ ತಗುಲಕೂಡದು, ತಗುಲಿದರೆ ಮುಂದೆ ಅಂಟು ಹಿಡಿಯುವುದಿಲ್ಲ.

ಡೈವ್ ಮುಗಿದ ಮೇಲೆ ರಿಂಗನ್ನು ಬಿಚ್ಚುವ ಮೊದಲೇ ಸಿಹಿನೀರಿನಲ್ಲಿ ತೊಳೆದು, ಆಮೇಲೆ ಬಿಚ್ಚಿ ಎರಡೂ ಬದಿಗಳನ್ನು ಒರಸಿ. ಒಳಗಿನ ತೇವ ತೆಗೆಯಲು ಸುತ್ತಿದ ಹಳೆಯ ಪತ್ರಿಕೆಯನ್ನು ಬೆರಳುಗಳೊಳಗೆ ತುರುಕಿ ರಾತ್ರಿಯಿಡೀ ಬಿಡುವ ಉಪಾಯ ಇಂದಿಗೂ ಚೆನ್ನ. ಲೇಟೆಕ್ಸ್ ಸೀಲಿಗೆ ಬಿಸಿಲು, ಎಣ್ಣೆ, ಸನ್‌ಸ್ಕ್ರೀನ್ ಮೂರೂ ಶತ್ರುಗಳು. ವಾಸನೆಯಿಲ್ಲದ ಟಾಲ್ಕ್ ಹಚ್ಚಿ ಕತ್ತಲಲ್ಲಿಡಬೇಕು. ಎಳೆದು ನೋಡಿದಾಗ ಸಣ್ಣ ಬಿರುಕುಗಳು ಕಂಡರೆ, ಅಥವಾ ಮುಟ್ಟಿದರೆ ಜಿಗುಟಾಗಿದ್ದರೆ, ಅದರ ಆಯುಷ್ಯ ಮುಗಿದಿದೆ. ಮೇಲೆ ಗ್ಲೌಸ್ ಇರುವುದರಿಂದ ಒಳಗಿನ ಸೀಲನ್ನು ಯಾರೂ ನೋಡದೆ ಬಿಡುತ್ತಾರೆ. ಹೀಗೆ ಬಿಟ್ಟ ಸೀಲು ನಿಜವಾಗಿ ಬೇಕಾದ ದಿನ ಕೈಕೊಡುತ್ತದೆ.

ಒಳಗೆ ತೇವ ಕಂಡ ಮಾತ್ರಕ್ಕೆ ಸೋರಿಕೆ ಎನ್ನಬೇಡಿ. ಇಡೀ ಒಳಗವಸು ಸಮವಾಗಿ ತೇವಗೊಂಡಿದ್ದರೆ ಅದು ಬಹುಶಃ ಬೆವರು. ಒಂದೇ ಬೆರಳೋ ಕಫಿನ ಒಂದೇ ಬದಿಯೋ ತೊಯ್ದಿದ್ದರೆ ಅನುಮಾನಪಡಿ. ಗ್ಲೌಸಿಗೆ ನೀರು ತುಂಬಿ ಹಿಂಡಿದರೆ ಸೂಜಿಮೊನೆಯ ತೂತೂ ಹನಿಯಾಗಿ ಕಾಣಿಸುತ್ತದೆ. ರಿಂಗನ್ನು ಪರೀಕ್ಷಿಸಲು ಗ್ಲೌಸ್ ಜೋಡಿಸಿದ ಸೂಟಿನ ಕುತ್ತಿಗೆಯನ್ನು ಚೆಂಡಿನಿಂದ ಮುಚ್ಚಿ, ಸೀಲಿನಡಿ ನಳಿಕೆ ಇಟ್ಟು, ಗಾಳಿ ತುಂಬಿಸಿ, ಸೋಪಿನ ನೀರು ಬಳಿದು ಗುಳ್ಳೆ ನೋಡಿ. ಒಳ ಸೀಲಿನ ಪರೀಕ್ಷೆಗೆ ಗ್ಲೌಸ್ ತೆಗೆದು ಮಣಿಕಟ್ಟಿನಲ್ಲಿ ದುಂಡನೆಯ ಬಾಟಲಿ ಇಟ್ಟರಾಯಿತು.

ಹಾಗಾದರೆ ಯಾರಿಗೆ ಯಾವುದು

ಕಲ್ಲುಗಣಿಗಳಲ್ಲೇ ಡೈವ್ ಮಾಡುವ, ದಡ ಹತ್ತಿರವಿರುವ, ಕೈ ಬಿಗಿದರೆ ಸಹಿಸದ ವ್ಯಕ್ತಿ ಒಳ ಸೀಲ್ ಇಲ್ಲದ ಜೋಡಣೆಯನ್ನು ಆರಿಸಿದರೆ ನಾನು ತಡೆಯುವುದಿಲ್ಲ. ಮೂರು ಪದರದ ಬಟ್ಟೆಯ ಹಳೆಯ ಟ್ರೈಲ್ಯಾಮಿನೇಟ್ ಸೂಟ್, ಲೇಟೆಕ್ಸ್ ಸೀಲ್, ಮಧ್ಯಮ ಬಜೆಟ್, ಸಮುದ್ರಕ್ಕೂ ಹೋಗುವ ಆಸೆ ಇರುವವರಿಗೆ ಅಂಟಿಲ್ಲದ ದುಂಡು ರಿಂಗು, ಒಳ ಸೀಲ್ ಮತ್ತು ನಳಿಕೆ. ಹೊಸ ಸೂಟಿಗೆ ಆರ್ಡರ್ ಕೊಡುತ್ತಿರುವವರು, ದೂರದ ಪ್ರವಾಸ ಮಾಡುವವರು, ಲೇಟೆಕ್ಸ್ ಆಗದವರು ಚೌಕಟ್ಟಿನ ಬಗೆಗೆ ಹಣ ಹಾಕಲಿ. ಯಾವುದನ್ನು ಕೊಂಡರೂ ರಿಂಗಿಗೆ ಏರಿಸಿ ಸಿದ್ಧವಾಗಿಟ್ಟ ಇನ್ನೊಂದು ಜೊತೆ ಗ್ಲೌಸ್ ಪೆಟ್ಟಿಗೆಯಲ್ಲಿರಲಿ. ದೋಣಿಯ ಮೇಲೆ ತಣ್ಣಗಾದ ಕೈಯಿಂದ ಗ್ಲೌಸ್ ಏರಿಸುವುದು ಆಗದ ಮಾತು.

ಕೊಂಡ ಮೇಲೆ ಮೊದಲ ಡೈವನ್ನು ಆಳಕ್ಕೆ ಒಯ್ಯಬೇಡಿ. ಸ್ಟೋನಿ ಕೋವಿನ ಆರು ಮೀಟರಿನ ಕಟ್ಟೆಯಂಥ ಜಾಗದಲ್ಲಿ ಸ್ನ್ಯಾಪ್, ಮಾಸ್ಕ್, ವಾಲ್ವ್, ರೀಲ್ ಎಲ್ಲವನ್ನೂ ಒಮ್ಮೆ ಮಾಡಿ ನೋಡಿ. ಮೇಲೇರುವಾಗ ಮೊಣಕೈ ಎತ್ತರದಲ್ಲಿ, ಅಂಗೈ ಅದಕ್ಕಿಂತ ಕೆಳಗೆ ಇರಲಿ. ಆಗ ಗ್ಲೌಸಿನಲ್ಲಿ ಹಿಗ್ಗುವ ಗಾಳಿ ತೋಳಿನ ವಾಲ್ವಿನ ಕಡೆಗೆ ಹೋಗುತ್ತದೆ, ಅಂಗೈ ಮೇಲಿದ್ದರೆ ಬೆರಳುಗಳು ಬಲೂನಿನಂತೆ ಉಬ್ಬಿ ಏನನ್ನೂ ಹಿಡಿಯಲಾಗುವುದಿಲ್ಲ. ಒಳ ಸೀಲ್ ಉಳಿಸಿಕೊಂಡವರು ಆ ಡೈವಿನ ಕೊನೆಯಲ್ಲಿ, ಬಡ್ಡಿ ಪಕ್ಕದಲ್ಲಿರುವಾಗ, ಒಂದು ಗ್ಲೌಸನ್ನು ಬೇಕೆಂದೇ ಕಳಚಿ ಐದು ನಿಮಿಷ ಹಾಗೇ ಇದ್ದು ದಡಕ್ಕೆ ಬನ್ನಿ; ಸೂಟ್ ಬಿಚ್ಚಿದಾಗ ತೋಳು ಎಲ್ಲಿಯವರೆಗೆ ತೊಯ್ದಿದೆ ಎಂದು ನೋಡಿಕೊಂಡು, ನಳಿಕೆಯನ್ನು ಇನ್ನೂ ತೆಳುವಾದದ್ದಕ್ಕೆ ಬದಲಾಯಿಸಬೇಕೇ ಎಂಬುದನ್ನು ಅಲ್ಲೇ ತೀರ್ಮಾನಿಸಬಹುದು.